ಮುದಿ ನಾಯಿಯ ಆರೈಕೆ

ಮಿರಜ ತಾಲೂಕಿನ ಲಿಂಗನೂರಿನಂಥ ಊರುಗಳಲ್ಲಿ ನಾಯಿ ಎಂದರೆ ಮನೆ-ಹೊಲದ ಕಾವಲುಗಾರ. ವಯಸ್ಸಾದ ಮೇಲೆ ಅದು ಬೆಳಿಗ್ಗೆ ಏಳಲು ತಡವರಿಸಿದರೆ, ಕಟ್ಟೆ ಹತ್ತಲು ಹಿಂಜರಿದರೆ ‘ಮುದಿಯಾಯಿತು ಬಿಡಿ’ ಎನ್ನುತ್ತೇವೆ. ಹೆಚ್ಚಾಗಿ ಅದು ಕೀಲು ಸವೆದ ನೋವು. ನಾಯಿ ಬಾಯಿಬಿಟ್ಟು ಹೇಳದು. ಕೀಲನ್ನೇ ನೆಕ್ಕುವುದು, ಮುಟ್ಟಿದರೆ ಗುರ್ರೆನ್ನುವುದು ಅದರ ಮಾತು.

ಮೊದಲು ಒಂದು ಎಚ್ಚರಿಕೆ. ನಾವು ನುಂಗುವ ನೋವಿನ ಮಾತ್ರೆಯನ್ನು ಅದಕ್ಕೆ ಕೊಡಲೇಬಾರದು. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸಬಲ್ಲವು; ಜೀವವೇ ಹೋಗಬಹುದು. ಔಷಧವನ್ನು ಪಶುವೈದ್ಯರೇ ತೂಕ ನೋಡಿ ಹೇಳಬೇಕು.

ಉಳಿದದ್ದು ನಮ್ಮ ಕೈಯಲ್ಲಿದೆ. ಜಾರುವ ಟೈಲ್ಸ್ ಮೇಲೆ ಗೋಣಿತಾಟು ಹಾಸೋಣ, ಮಲಗಲು ದಪ್ಪ ಕೌದಿ ಕೊಡೋಣ. ಮೆಟ್ಟಿಲಿಗೆ ಹಲಗೆ ಇಳಿಜಾರು ಇಡೋಣ. ಬೆಳೆದ ಉಗುರು ಕತ್ತರಿಸೋಣ. ಮೈ ಬಂದಿದ್ದರೆ ಊಟ ತುಸು ಕಡಿಮೆ ಮಾಡೋಣ. ತೂಕ ಇಳಿದರೆ ಕೀಲಿನ ಭಾರವೂ ಇಳಿಯುತ್ತದೆ. ಒಮ್ಮೆಗೇ ದೂರ ನಡೆಸದೆ, ದಿನಕ್ಕೆ ಎರಡು-ಮೂರು ಸಲ ಸ್ವಲ್ಪ ಸ್ವಲ್ಪ ನಡೆಸೋಣ. ಹಿಂಗಾಲು ಏಳದಿದ್ದರೆ ಹೊಟ್ಟೆಯಡಿ ಟವೆಲ್ ಹಾಕಿ ಮೆಲ್ಲಗೆ ಎತ್ತೋಣ. ಮಲಗಿದಲ್ಲೇ ಇದ್ದರೆ ಕೆಲವು ತಾಸಿಗೊಮ್ಮೆ ಮಗ್ಗುಲು ಬದಲಿಸೋಣ, ಇಲ್ಲದಿದ್ದರೆ ಹುಣ್ಣಾಗುತ್ತದೆ.

ಮುದಿ ನಾಯಿಯನ್ನು ದೂರದ ಸಂತೆಯಲ್ಲಿ ಬಿಟ್ಟು ಬರುವವರೂ ಇದ್ದಾರೆ. ನಾವು ಹಾಗೆ ಮಾಡದಿರೋಣ. ಮನೆಯ ಮುದಿಜೀವವನ್ನು ಹೇಗೆ ನೋಡಿಕೊಳ್ಳಬೇಕೆಂದು ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ.