ಎಲ್‌ಕೆಜಿ ಟೀಚರಿಗೆ ತರಬೇತಿ ಬೇಡವೇ?

ಕರಾವಳಿಯ ಕ್ರೈಸ್ತ ಶಾಲೆಗಳ ಆಡಳಿತ ಮಂಡಳಿಯವರಿಗೆ ಮತ್ತು ಪೂಜ್ಯ ಸಂಚಾಲಕರಿಗೆ,

ಬೇಸಿಗೆ ರಜೆ ಬಂತೆಂದರೆ ನಮ್ಮ ಶಾಲೆಗಳಲ್ಲಿ ಟೀಚರುಗಳ ಸಂದರ್ಶನ ಶುರು. ಹೈಸ್ಕೂಲಿನ ಗಣಿತಕ್ಕೆ ಬಂದವರ ಬಿ.ಎಡ್. ಅಂಕಪಟ್ಟಿಯನ್ನು ತಿರುವಿ ತಿರುವಿ ನೋಡುತ್ತೀರಿ. ಎಲ್‌ಕೆಜಿಗೆ ಬಂದ ಹುಡುಗಿಯನ್ನು ಕೇಳುವುದು ಇಷ್ಟೇ: ಇಂಗ್ಲಿಷ್ ಬರುತ್ತದೆಯೇ, ಯಾವ ಚರ್ಚಿನವಳು, ಹಾಡಲು ಬರುತ್ತದೆಯೇ. ವಿಗಾರರ ಪತ್ರವೊಂದಿದ್ದರೆ ಕೆಲಸ ಆದಂತೆಯೇ. ಬಿ.ಕಾಂ. ಮುಗಿಸಿ, ಮದುವೆ ಗೊತ್ತಾಗುವ ತನಕ ಮನೆಯಲ್ಲಿ ಸುಮ್ಮನೆ ಕೂರುವುದೇಕೆಂದು ಬಂದವಳ ಮುಂದೆ ಜೂನ್‌ನಲ್ಲಿ ಒಂದು ಕೋಣೆ ತುಂಬ ನಾಲ್ಕು ವರ್ಷದ ಮಕ್ಕಳು. ನಾನು ಅವಳನ್ನು ದೂರುತ್ತಿಲ್ಲ. ನನ್ನ ದೂರು ನಿಮ್ಮ ಮೇಲೆ.

ಒಂದು ದಿನ ಆ ಕೋಣೆಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಮಗುವಿನ ಮುಂದೆ ನಾಲ್ಕು ಗೆರೆ ಕಾಪಿ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಹಾಳೆ ತೂತಾಗುವಷ್ಟು ಒತ್ತುತ್ತಿದೆ. ಟೀಚರ್ ಬಂದು ಕೈ ಹಿಡಿದು ‘ಎ’ ತಿದ್ದಿಸಿ ಮುಂದಿನ ಮಗುವಿನ ಹತ್ತಿರ ಹೋಗುತ್ತಾಳೆ. ಆ ಬೆರಳುಗಳಿಗೆ ಇನ್ನೂ ಬಲ ಬಂದಿಲ್ಲ. ಮಣಿ ಪೋಣಿಸಿ, ಕಾಗದ ಹರಿದು, ಜೇಡಿಮಣ್ಣು ನಾದಿ ಬೆರಳು ಪಳಗಬೇಕು, ಬರೆಯುವುದು ಆಮೇಲೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಪಕ್ಕದಲ್ಲಿ ಇನ್ನೊಂದು ಮಗು. ಮನೆಯಲ್ಲಿ ತುಳು ಬಿಟ್ಟರೆ ಬೇರೆ ಕೇಳಿದ್ದಿಲ್ಲ; ಇಂಗ್ಲಿಷಿನ ನಡುವೆ ಬಿದ್ದದ್ದೇ, ದಸರಾ ರಜೆ ಹತ್ತಿರ ಬಂದರೂ ಬಾಯಿ ಬಿಟ್ಟಿಲ್ಲ. ಹೊಸ ಭಾಷೆಗೆ ಬಂದ ಎಷ್ಟೋ ಮಕ್ಕಳು ಮೊದಮೊದಲು ಬರೀ ಕೇಳಿಸಿಕೊಳ್ಳುತ್ತವೆ, ಅದು ಸಹಜ. ಶಿಶು ಶಿಕ್ಷಣ ಓದಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ನಮ್ಮ ಟೀಚರ್ ಡೈರಿಯಲ್ಲಿ ‘ಡಲ್’ ಎಂದು ಬರೆದು ಕಳಿಸುತ್ತಾಳೆ. ತಾಯಿ ಟ್ಯೂಷನ್ ಹುಡುಕುತ್ತಾಳೆ. ನಾಲ್ಕು ವರ್ಷದ ಮಗುವಿಗೆ ಟ್ಯೂಷನ್!

ಹೀಗೆಂದಾಗಲೆಲ್ಲ, ನಮ್ಮವರಾದರೆ ಮಕ್ಕಳಿಗೆ ಮೌಲ್ಯ ಕಲಿಸುತ್ತಾರೆ ಎಂಬ ಉತ್ತರ ಬರುತ್ತದೆ. ಮಕ್ಕಳ ನಡುವೆ ಯೇಸು ಕುಳಿತ ಪಟವನ್ನು ಆಫೀಸಿನ ಗೋಡೆಗೆ ಹಾಕಿದ್ದೀರಲ್ಲ, ಅದರಲ್ಲಿ ಒಂದು ಮಗುವಾದರೂ ಕೈ ಕಟ್ಟಿ, ತುಟಿಯ ಮೇಲೆ ಬೆರಳಿಟ್ಟು ಕೂತಿದೆಯೇ? ಭಾನುವಾರ ಒಂದು ಗಂಟೆ ಧರ್ಮೋಪದೇಶ ಹೇಳುವವರಿಗೆ ಶಿಬಿರ, ಕೈಪಿಡಿ, ಪ್ರಮಾಣಪತ್ರ ಎಲ್ಲ ಉಂಟು. ವಾರವಿಡೀ ಅದೇ ಪ್ರಾಯದ ಮಕ್ಕಳನ್ನು ನೋಡಿಕೊಳ್ಳುವವಳಿಗೆ ಏನೂ ಇಲ್ಲ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಹಿಂದೂ, ಬ್ಯಾರಿ ಮನೆಯವರು. ಅವರ ನಡುವೆ ಕ್ರೈಸ್ತ ಶಿಕ್ಷಕಿಯಾಗಿ ಹೇಗಿರಬೇಕು ಎನ್ನುವುದನ್ನೂ ಯಾರಾದರೂ ಕಲಿಸಬೇಕಲ್ಲವೇ?

ಇದೇನೂ ನಮಗೆ ಹೊರಗಿನ ವಿದ್ಯೆಯಲ್ಲ. 1658ರಲ್ಲೇ ಮಕ್ಕಳಿಗಾಗಿ ಚಿತ್ರಗಳ ಪಠ್ಯಪುಸ್ತಕ ಮಾಡಿದ ಕೊಮೇನಿಯಸ್ ಒಬ್ಬ ಬಿಷಪ್. ಕಿಂಡರ್‌ಗಾರ್ಟನ್ ಕಟ್ಟಿದ ಫ್ರೋಬೆಲ್ ಪಾದ್ರಿಯ ಮಗ. ಕ್ಯಾಥೊಲಿಕರಾದ ಮಾರಿಯಾ ಮಾಂಟೆಸ್ಸೊರಿ 1939ರಲ್ಲಿ ಮದರಾಸಿಗೆ ಬಂದು, ಮಹಾಯುದ್ಧದ ವರ್ಷಗಳಲ್ಲಿ ಇಲ್ಲೇ ಉಳಿದು ಶಿಕ್ಷಕರನ್ನು ತರಬೇತಿಗೊಳಿಸಿದರು. ಮಂಗಳೂರಲ್ಲಂತೂ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಶಾಲೆಗಳನ್ನು ತೆರೆದರು. 1870ರಲ್ಲಿ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳ ಸಂಸ್ಥೆ ಹೆಣ್ಣುಮಕ್ಕಳ ಶಾಲೆಗಳ ಜೊತೆಗೆ ಟೀಚರುಗಳನ್ನು ತಯಾರು ಮಾಡುವ ಕೆಲಸಕ್ಕೂ ಕೈ ಹಾಕಿತು. ಶಾಲೆ ಕಟ್ಟುವವರು ಟೀಚರನ್ನೂ ತಯಾರು ಮಾಡಬೇಕೆಂದು ಆ ಕಾಲದವರಿಗೆ ಹೊಳೆದಿತ್ತು.

ಈಗ ಕಾನೂನಿನ ಮರೆ ಇದೆ. ಶಿಕ್ಷಣ ಹಕ್ಕು ಕಾಯಿದೆ ಹೇಳುವುದು 6ರಿಂದ 14 ವರ್ಷದ ಮಕ್ಕಳ ಮಾತು, ಹಾಗಾಗಿ ಎಲ್‌ಕೆಜಿ ಟೀಚರ್ ಏನು ಓದಿದ್ದಾಳೆಂದು ಕೇಳುವವರು ಕಡಿಮೆ. ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯಿದೆಯೇ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಉಳಿದ ಶಾಲೆಗಳ ಶಿಕ್ಷಕರಿಗೆ ಅರ್ಹತಾ ಪರೀಕ್ಷೆ (ಟಿಇಟಿ) ಕಡ್ಡಾಯ ಎಂದು ಹೇಳಿ, ನಮ್ಮಂಥವರ ಪ್ರಶ್ನೆಯನ್ನು ದೊಡ್ಡ ಪೀಠದ ಮುಂದಿಡಬೇಕೆಂದಿತು. ಸಂವಿಧಾನದ 30ನೇ ವಿಧಿ ಕೊಟ್ಟಿರುವುದು ನಮ್ಮ ಶಾಲೆಯನ್ನು ನಾವೇ ನಡೆಸುವ ಹಕ್ಕು. ತರಬೇತಿ ತಪ್ಪಿಸುವುದಕ್ಕೆ ಅದನ್ನು ಅಡ್ಡ ಹಿಡಿದರೆ ನಾಚಿಕೆಯಾಗುತ್ತದೆ.

ನನ್ನ ಕಾಲದಲ್ಲಿ ಶಿಕ್ಷಕ ತರಬೇತಿಯ ಟಿಸಿಎಚ್ ಸೀಟಿಗಾಗಿ ಶಿಫಾರಸು ಹಿಡಿದು ಅಲೆಯುತ್ತಿದ್ದರು. ಈಗ ಅದರ ಜಾಗದಲ್ಲಿರುವ ಡಿ.ಎಲ್.ಇಡಿ. ಕಾಲೇಜುಗಳು ಮಕ್ಕಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಬರುವವರಾದರೂ ಏಕೆ ಬರಬೇಕು? ತರಬೇತಿ ಆದವಳಿಗೂ ಆಗದವಳಿಗೂ ನೀವು ಕೊಡುವುದು ಒಂದೇ ಸಂಬಳ. ಕೇಳಿದರೆ ಅದು ಸೇವೆ ಎನ್ನುತ್ತೀರಿ. ಸೇವೆಯ ಮಾತು ಒಳ್ಳೆಯದೇ, ಆದರೆ ಹೊಸ ಕಟ್ಟಡದ ಕಂಟ್ರಾಕ್ಟರ್ ಬಳಿ ಅದನ್ನು ಯಾರೂ ಆಡಿದ್ದು ಕೇಳಿಲ್ಲ.

ಖಾಲಿ ಬಿದ್ದ ತರಬೇತಿ ಕಟ್ಟಡಗಳಲ್ಲಿ ಒಂದನ್ನಾದರೂ ಕೂಡಿ ತೆರೆಯಿರಿ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ ನಿಯಮಗಳಲ್ಲಿ ಎರಡು ವರ್ಷದ ಪೂರ್ವ ಪ್ರಾಥಮಿಕ ಡಿಪ್ಲೊಮಾಕ್ಕೆ ಅವಕಾಶವಿದೆ, ಅದನ್ನು ಕನ್ನಡದಲ್ಲೇ ನಡೆಸಿ. ಈಗಾಗಲೇ ಕೆಲಸದಲ್ಲಿರುವವರಿಗೆ ಶನಿವಾರ ಮಧ್ಯಾಹ್ನ ಮತ್ತು ಮೇ ತಿಂಗಳಲ್ಲಿ ತರಗತಿ ಇಡಿ, ಫೀಸು ಶಾಲೆಯೇ ಕಟ್ಟಲಿ. ಹೊಸಬಳನ್ನು ಮೊದಲ ವರ್ಷ ಒಬ್ಬಳೇ ಬಿಡಬೇಡಿ, ಪಳಗಿದ ಟೀಚರ ಜೊತೆ ಹಾಕಿ. ತರಬೇತಿ ಮುಗಿಸಿದವಳಿಗೆ ಸಂಬಳ ಏರಿಸಿ. ಮುಂದಿನ ಸಂದರ್ಶನಕ್ಕೆ ಮೊದಲು ಇದರ ಮೇಲೆ ನಿಮ್ಮ ತೀರ್ಮಾನ ಏನೆಂದು ಪಾಲಕರ ಸಭೆಯಲ್ಲಿ ತಿಳಿಸುವಿರಾ?

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ದಕ್ಷಿಣ ಕನ್ನಡ