ಮಾರ್ಕ್ಸ್ ಇದ್ದರೆ ಸಾಕೆ? ದಾಖಲೆ ಎಲ್ಲಿಂದ ತರಬೇಕು?

ಗೋವಾದ ಜುವಾರಿನಗರ, ಬೈನಾ, ಮಡಗಾಂವ್ ಬಸ್ತಿಗಳ ಕನ್ನಡ ಮಕ್ಕಳು ಹನ್ನೆರಡನೇ ತರಗತಿ ಪಾಸಾಗುವುದು ಈಗ ಹೊಸ ಸುದ್ದಿಯಲ್ಲ. ಮುಂದೆ ಪದವಿ ಮುಗಿಸುವವರು ಎಷ್ಟು ಮಂದಿ ಎಂಬುದೇ ಪ್ರಶ್ನೆ. ಕಾಲೇಜು ದೂರವಿದೆ ಎನ್ನುವಂತಿಲ್ಲ. ಜುವಾರಿನಗರದಲ್ಲೇ ಎಂಇಎಸ್ ಕಾಲೇಜಿದೆ, 2004ರಿಂದ ಬಿಟ್ಸ್ ಪಿಲಾನಿಯ ಕ್ಯಾಂಪಸ್ಸೂ ಇದೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ದುಡಿಯಲು ಬಂದವರ ಮಕ್ಕಳಿಗೆ ಬಡತನದ ಜೊತೆ ಕಾಗದಪತ್ರವೂ ಅಡ್ಡ ಬರುತ್ತಿದೆ.

ಗೋವಾ ಸರಕಾರದ ಹಲವು ಶೈಕ್ಷಣಿಕ ಸವಲತ್ತುಗಳಿಗೆ 15 ವರ್ಷದ ವಾಸ್ತವ್ಯದ ದಾಖಲೆ ಬೇಕು. ಬಾಡಿಗೆ ಖೋಲಿ ಬದಲಿಸುತ್ತಲೇ ಇರುವವರು ಅದನ್ನು ಎಲ್ಲಿಂದ ತರಬೇಕು? 2004ರ ಜೂನ್‌ನಲ್ಲಿ ಬೈನಾ ಕಡಲತೀರದ ಮನೆಗಳು ನೆಲಸಮವಾದಾಗ ಅಲ್ಲಿದ್ದವರ ವಿಳಾಸವೂ ಹೋಯಿತು. ಸ್ಥಳೀಯರಿಗೆ ಆದ್ಯತೆ ಬೇಕೆಂಬ ಗೋವಾದ ವಾದ ತಪ್ಪಲ್ಲ. ಆದರೆ ಅಲ್ಲೇ ಹುಟ್ಟಿ ಅಲ್ಲೇ ಓದಿದ ಮಗು ಸ್ಥಳೀಯ ಅಲ್ಲದೆ ಮತ್ತೇನು?

ಜಾತಿ ಪ್ರಮಾಣಪತ್ರದ ಕಥೆ ಇನ್ನೂ ತೊಡಕು. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗೋವಾದ ಪಟ್ಟಿಯಲ್ಲಿ ಇಲ್ಲ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ವಲಸೆ ಹೋದ ರಾಜ್ಯದಲ್ಲಿ ನಡೆಯದು ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ವಿದ್ಯಾರ್ಥಿ ಖಾಯಂ ನೆಲೆಸಿದ ರಾಜ್ಯ ಕೊಡಬೇಕು. ಗೋವಾದಲ್ಲಿ ಹುಟ್ಟಿದ ತಾಂಡಾದ ಹುಡುಗಿಗೆ ಆ ರಾಜ್ಯ ಯಾವುದು? ಇಲ್ಲಿ ಕೇಳಿದರೆ ಅಲ್ಲಿ, ಅಲ್ಲಿ ಕೇಳಿದರೆ ಇಲ್ಲಿ ಎಂದು ಅಲೆಯುವುದರಲ್ಲೇ ಅರ್ಜಿಯ ಕೊನೆ ದಿನ ಮುಗಿದಿರುತ್ತದೆ.

ಇಂಥ ಮಕ್ಕಳನ್ನು ದಡ ಸೇರಿಸುವುದು ಹೇಗೆಂದು ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ ತೋರಿಸಿದೆ. 2007ರಲ್ಲಿ ತನ್ನ ಎರಡು ವರ್ಷದ ಕಾಲೇಜುಗಳಲ್ಲಿ ಅದು 'ಅಸಾಪ್' ಯೋಜನೆ ಆರಂಭಿಸಿತು. ಫೀಯಲ್ಲಿ ಕಡಿಮೆ ಬಿದ್ದ ಹಣ, ಪುಸ್ತಕ, ಪ್ರಯಾಣದ ಪಾಸ್ ಕೊಟ್ಟಿತು. ಬೆನ್ನುಬಿಡದೆ ವಿಚಾರಿಸುವ ಸಲಹೆಗಾರರನ್ನೂ ನೇಮಿಸಿತು. ಲಾಟರಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದಾಗ, 3 ವರ್ಷದಲ್ಲಿ ಪದವಿ ಪಡೆದವರು ಯೋಜನೆಯೊಳಗೆ ಶೇ. 40, ಹೊರಗೆ ಶೇ. 22. ಹಣ ಮಾತ್ರವಲ್ಲ, ಜೊತೆಗೆ ನಿಲ್ಲುವ ಒಬ್ಬರೂ ಬೇಕು ಎಂಬುದೇ ಇದರ ಪಾಠ.

ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮತ್ತು ಗೋವಾದ ಕನ್ನಡ ಸಂಘಗಳು ಈ ಕೆಲಸ ಕೈಗೆತ್ತಿಕೊಳ್ಳಲಿ. ಹತ್ತನೇ ತರಗತಿಯಿಂದಲೇ ದಾಖಲೆ ಜೋಡಿಸಿಕೊಡುವ, ಮಾಮಲೇದಾರರ ಕಚೇರಿಗೂ ಊರಿನ ತಹಶೀಲ್ದಾರರ ಕಚೇರಿಗೂ ಪತ್ರ ಬರೆದು ಬೆನ್ನು ಹತ್ತುವ ಒಬ್ಬ ಕಾರ್ಯಕರ್ತ ಪ್ರತಿ ಬಸ್ತಿಗೂ ಇರಲಿ. ವಿದ್ಯಾರ್ಥಿವೇತನ ಯಾರದೆಂದು ಎರಡೂ ಸರಕಾರಗಳು ಕುಳಿತು ತೀರ್ಮಾನಿಸಲಿ. ರಾಜ್ಯೋತ್ಸವದ ಪೆಂಡಾಲ್ ಒಂದು ದಿನಕ್ಕೆ ಬಿಚ್ಚುತ್ತದೆ, ಪದವಿ ಒಂದು ಮನೆತನವನ್ನೇ ಎತ್ತುತ್ತದೆ.