ದಾಖಲೆಯಿಲ್ಲದ ವಿದ್ಯಾರ್ಥಿಯೂ ಪರದೇಶದ ಬಾಗಿಲೂ

ಶಾಲೆಯ ಕಡೆಯ ಪರೀಕ್ಷೆಯನ್ನು ಮುಗಿಸದೆ, ಕೈಯಲ್ಲಿ ಪ್ರಮಾಣಪತ್ರವಿಲ್ಲದೆ, ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೋಗಬಹುದೇ ಎಂಬ ಪ್ರಶ್ನೆಯನ್ನು ನಮ್ಮ ನಾಡಿನ ತರುಣರೂ ಅವರ ತಾಯಿತಂದೆಗಳೂ ಇತ್ತೀಚೆಗೆ ಮೇಲಿಂದ ಮೇಲೆ ಕೇಳುತ್ತಿರುವರು. ಕೆಲವರು ಇದನ್ನು ಹುಚ್ಚು ಸಾಹಸವೆಂದು ತಳ್ಳಿಹಾಕುವರು. ಮತ್ತೆ ಕೆಲವರು ದಲ್ಲಾಳಿಗಳ ಮಾತನ್ನು ನಂಬಿ ಹೊಲಮನೆಗಳನ್ನು ಒತ್ತೆಯಿಡಲು ಸಿದ್ಧರಾಗುವರು. ಈ ಎರಡೂ ದಾರಿಗಳು ತಪ್ಪೆಂಬುದು ನಮ್ಮ ಮತವು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವೆವು. ನ್ಯಾಯಸ್ಥಾನದಲ್ಲಿ ದಸ್ತೈವಜು ಸಂಗತಿಗೆ ಸಾಕ್ಷಿಯೇ ಹೊರತು ಸಂಗತಿಯೇ ಅಲ್ಲ. ಮೂಲಪತ್ರವು ಕಳೆದುಹೋದರೆ ಕಾಯಿದೆಯು ಪಕ್ಷಗಾರನನ್ನು ಹೊರಗೆ ನೂಕುವದಿಲ್ಲ. ಬೇರೆ ಸಾಕ್ಷ್ಯವನ್ನು ತರಲು ಅವಕಾಶ ಕೊಡುವದು. ವಿದ್ಯೆಯ ವಿಷಯದಲ್ಲಿಯೂ ನ್ಯಾಯವು ಹೀಗೆಯೇ ಇರತಕ್ಕದ್ದು. ಪ್ರಮಾಣಪತ್ರವು ವಿದ್ಯೆಗೆ ಒಂದು ಸಾಕ್ಷಿ ಮಾತ್ರ. ಆ ಸಾಕ್ಷಿಯಿಲ್ಲದವನನ್ನು ಅವಿದ್ಯಾವಂತನೆಂದು ವಿಚಾರಣೆಯಿಲ್ಲದೆ ತೀರ್ಮಾನಿಸುವದು ಅನ್ಯಾಯವಲ್ಲವೇ?

ಇಂಥ ಅನ್ಯಾಯಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಶಾಲೆಯನ್ನು ಬಿಟ್ಟು ಮನೆಯಲ್ಲಿಯೇ ಕಲಿತ ಮುಂಬಯಿಯ ಬಾಲಿಕೆಯೊಬ್ಬಳು ಗಣಕಶಾಸ್ತ್ರದ ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಮೂರು ಸಲ ಪದಕಗಳನ್ನು ಗಳಿಸಿದಳು. ಹತ್ತನೆಯ ತರಗತಿಯ ಪತ್ರವೂ ಹನ್ನೆರಡನೆಯದರ ಪತ್ರವೂ ಆಕೆಯಲ್ಲಿರಲಿಲ್ಲ. ಹನ್ನೆರಡನೆಯ ತರಗತಿಯ ತೇರ್ಗಡೆಯನ್ನು ಕಡ್ಡಾಯ ಮಾಡಿದ ನಮ್ಮ ಐ.ಐ.ಟಿ.ಗಳಲ್ಲಿ ಆಕೆಗೆ ಎಡೆಯಿರಲಿಲ್ಲ. 2016ರಲ್ಲಿ ಅಮೇರಿಕದ ಎಂ.ಐ.ಟಿ. ಸಂಸ್ಥೆಯು ಆಕೆಯನ್ನು ಸ್ವಾಗತಿಸಿತು. ನಮ್ಮ ಹೊಲದ ಬೆಳೆ ಅನ್ಯರ ಕಣಜವನ್ನು ಸೇರಿತು!

ಇದು ಹೊಸ ಸಂಗತಿಯೂ ಅಲ್ಲ. 1920ರ ಡಿಸೆಂಬರದಲ್ಲಿ ನಾಗಪುರದ ಕಾಂಗ್ರೆಸ್ಸು ಅಸಹಕಾರದ ನಿರ್ಣಯವನ್ನು ಸ್ಥಿರಪಡಿಸಿದ ಮೇಲೆ ಸಾವಿರಾರು ವಿದ್ಯಾರ್ಥಿಗಳು ಸರಕಾರಿ ಶಾಲೆ ಕಾಲೇಜುಗಳನ್ನು ತೊರೆದು ಬಂದರು. ರಾಷ್ಟ್ರೀಯ ವಿದ್ಯಾಪೀಠಗಳು ಅವರಿಗೆ ಕೊಟ್ಟ ಪದವಿಗಳನ್ನು ಸರಕಾರವು ಮನ್ನಿಸಲಿಲ್ಲ. ಜಯಪ್ರಕಾಶ ನಾರಾಯಣರು ಪಾಟ್ಣಾ ಕಾಲೇಜನ್ನು ಪರೀಕ್ಷೆಯ ಹೊಸ್ತಿಲಲ್ಲಿ ಬಿಟ್ಟು, ಬಿಹಾರ ವಿದ್ಯಾಪೀಠದಲ್ಲಿ ಕಲಿತು, 1922ರಲ್ಲಿ ಅಮೇರಿಕಕ್ಕೆ ಹಡಗು ಹತ್ತಿದರು. ಅಲ್ಲಿ ತೋಟಗಳಲ್ಲಿಯೂ ಕಾರಖಾನೆಗಳಲ್ಲಿಯೂ ಕೂಲಿ ಮಾಡಿ, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಅಲೆದು, ಪದವಿಗಳನ್ನು ಪಡೆದು, 1929ರಲ್ಲಿ ತಾಯ್ನಾಡಿಗೆ ಮರಳಿದರು. ಇಲ್ಲಿನ ಸರಕಾರಕ್ಕೆ ಬೇಡವಾದ ಕಲಿಕೆಯು ಅವರ ದಾರಿಯನ್ನು ಅಲ್ಲಿ ಕಟ್ಟಲಿಲ್ಲ. ಆದರೆ ಏಳು ವರ್ಷಗಳ ಆ ಬೆವರನ್ನು ಮರೆತು ಬರಿಯ ಹಡಗನ್ನು ಮಾತ್ರ ನೆನೆಯುವ ತರುಣನು ಮೋಸಹೋಗುವನು.

ಹಾಗಾದರೆ ಇಂದು ತೆರೆದಿರುವ ಬಾಗಿಲುಗಳಾವುವು? ಅಮೇರಿಕದಲ್ಲಿ ಜಿ.ಇ.ಡಿ. ಎಂಬ ಪರೀಕ್ಷೆಯುಂಟು. ಯುದ್ಧಕ್ಕಾಗಿ ಶಾಲೆ ಬಿಟ್ಟ ಸೈನಿಕರ ಸಲುವಾಗಿ 1942ರಲ್ಲಿ ಹುಟ್ಟಿದ ಈ ಏರ್ಪಾಡಿನಲ್ಲಿ ಇಂದು ನಾಲ್ಕು ವಿಷಯಗಳಲ್ಲಿ ತೇರ್ಗಡೆಯಾದವರನ್ನು ಅಲ್ಲಿಯ ಬಹು ಕಾಲೇಜುಗಳು ಶಾಲೆ ಮುಗಿಸಿದವರಂತೆಯೇ ಕಾಣುವವು. ದೇಶಕ್ಕಾಗಿ ಶಾಲೆ ಬಿಟ್ಟವನಿಗೆ ದೇಶವೇ ಹೊಸ ಬಾಗಿಲನ್ನು ತೆರೆಯಿತೆಂಬುದನ್ನು ಓದುಗರು ಗಮನಿಸಬೇಕು. ಬ್ರಿಟನ್ನಿನಲ್ಲಿ 1969ರಲ್ಲಿ ಸ್ಥಾಪಿತವಾದ ಮುಕ್ತ ವಿಶ್ವವಿದ್ಯಾಲಯವು ತನ್ನ ಬಹುತೇಕ ಪದವಿ ಪಾಠಗಳಿಗೆ ಯಾವ ಪೂರ್ವ ಪ್ರಮಾಣಪತ್ರವನ್ನೂ ಕೇಳುವದಿಲ್ಲ. ಆದರೆ ಅದು ದೂರಶಿಕ್ಷಣದ ಸಂಸ್ಥೆ. ಅಲ್ಲಿ ಹೆಸರು ದಾಖಲಿಸಿದ ಮಾತ್ರಕ್ಕೆ ಆ ದೇಶದಲ್ಲಿ ನೆಲೆಸಲು ಪರವಾನಿಗೆ ದೊರೆಯದು. ಜರ್ಮನಿಯ ರೀತಿಯೇ ಬೇರೆ. ನಮ್ಮ ಹನ್ನೆರಡನೆಯ ತರಗತಿಯ ಪತ್ರವಿದ್ದವರಿಗೂ ಅಲ್ಲಿ ಸಾಮಾನ್ಯವಾಗಿ ನೇರ ಪ್ರವೇಶವಿಲ್ಲ. ಸಿದ್ಧತೆಯ ಶಾಲೆಯಲ್ಲಿ ಒಂದು ವರ್ಷ ಕಲಿತು ಪರೀಕ್ಷೆ ಕೊಡಬೇಕಾಗುವದುಂಟು. ಪತ್ರವೇ ಇಲ್ಲದವನ ಪಾಡನ್ನು ಹೇಳಬೇಕೇ?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹೋಗುವ ಬಾಗಿಲನ್ನಷ್ಟೇ ನೋಡಿ, ಮರಳುವ ಬಾಗಿಲನ್ನು ನೋಡದವರೇ ಹೆಚ್ಚು. ವೈದ್ಯ ವಿದ್ಯೆಯ ಮಾತನ್ನೇ ತೆಗೆದುಕೊಳ್ಳಿರಿ. ಪರದೇಶದಲ್ಲಿ ಕಲಿತು ಭಾರತದಲ್ಲಿ ವೈದ್ಯವೃತ್ತಿ ನಡಿಸಬೇಕೆನ್ನುವವನು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೊಡನೆ ಹನ್ನೆರಡನೆಯ ತರಗತಿಯನ್ನು ದಾಟಿರಬೇಕು. 2018ರಿಂದ ಈಚೆಗೆ ನೀಟ್ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿರಬೇಕು. ಇದನ್ನು ಮುಚ್ಚಿಟ್ಟು, 'ಪತ್ರ ಬೇಡ, ಹಣ ಸಾಕು' ಎನ್ನುವ ದಲ್ಲಾಳಿಯು ತರುಣನ ಆರು ವರ್ಷಗಳ ಆಯುಷ್ಯವನ್ನು ಕದಿಯುವನೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು. ಉಳಿದ ಪದವಿಗಳಿಗೂ ಇಲ್ಲಿ ನೌಕರಿಗಾಗಲಿ ಮೇಲಿನ ವ್ಯಾಸಂಗಕ್ಕಾಗಲಿ ಸಮಾನತೆಯನ್ನು ಕೇಳುವ ಪ್ರಸಂಗ ಬರುವದು. ಆಗ 'ಶಾಲೆಯ ಪತ್ರವೆಲ್ಲಿ?' ಎಂಬ ಹಳೆಯ ಪ್ರಶ್ನೆಯೇ ತಿರುಗಿ ಏಳುವದು.

ಆದುದರಿಂದ ತರುಣರಿಗೆ ನಮ್ಮ ಸೂಚನೆಯಿಷ್ಟೇ. ಹೊರಡುವ ಮೊದಲು ವಿಶ್ವವಿದ್ಯಾಲಯಕ್ಕೆ ನೀವೇ ಬರೆದು ಅವರ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಆ ಪದವಿಗೆ ನಮ್ಮ ದೇಶದಲ್ಲಿ ಏನು ಬೆಲೆಯೆಂಬುದನ್ನು ವಿಚಾರಿಸಿರಿ. ಸಾಧ್ಯವಿದ್ದರೆ ಪತ್ರವನ್ನು ಸಂಪಾದಿಸಿಯೇ ಹೊರಡಿರಿ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕವೂ, ಖಾಸಗಿ ಅಭ್ಯರ್ಥಿಗಳಾಗಿ ನಮ್ಮ ರಾಜ್ಯದ ಪರೀಕ್ಷೆಗಳ ಮೂಲಕವೂ, ದಿನವೂ ಶಾಲೆಯ ಬೆಂಚಿನ ಮೇಲೆ ಕೂಡದವನು ಪ್ರಮಾಣಪತ್ರವನ್ನು ಪಡೆಯಬಲ್ಲನು. ಒಂದೆರಡು ವರ್ಷಗಳ ತಾಳ್ಮೆಯು ಜೀವಮಾನದ ಪಶ್ಚಾತ್ತಾಪವನ್ನು ತಪ್ಪಿಸುವದು.

ಆದರೆ ತರುಣರಿಗೆ ಬುದ್ಧಿ ಹೇಳಿದ ಮಾತ್ರಕ್ಕೆ ನಾಡಿನ ಹೊಣೆಯು ತೀರಲಿಲ್ಲ. ಕನ್ನಡಿಗರು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗುಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ ಪ್ರಾಂತಕ್ಕೊಂದು ವಿದ್ಯಾಖಾತೆ, ಪ್ರಾಂತಕ್ಕೊಂದು ಪರೀಕ್ಷೆ. ಬಡ ಹುಡುಗನ ಯೋಗ್ಯತೆಯನ್ನು ಅವನು ಹುಟ್ಟಿದ ಸರಹದ್ದು ಅಳೆಯುತ್ತಿತ್ತು. ಆ ಗೋಡೆಗಳನ್ನು ಕೆಡವಲೆಂದೇ ಏಕೀಕರಣದ ಹೋರಾಟವು ನಡೆಯಿತು. 1956ರ ನವಂಬರ 1ರಂದು ನಾಡು ಒಂದಾಯಿತು. ನೆಲದ ಗೋಡೆ ಬಿದ್ದರೂ ಕಾಗದದ ಗೋಡೆಯು ಇನ್ನೂ ನಿಂತಿದೆ. ಬಡತನದಿಂದಲೋ ರೋಗದಿಂದಲೋ ಶಾಲೆ ಬಿಟ್ಟ ಮಗುವು ತಾನಾಗಿ ಕಲಿತು ಬಂದರೆ, 'ಪತ್ರವೆಲ್ಲಿ?' ಎಂದು ಕೇಳುವ ಮೊದಲು 'ಏನು ಬಲ್ಲೆ?' ಎಂದು ಕನ್ನಡದಲ್ಲಿ ಕೇಳುವ ಪರೀಕ್ಷೆಯೊಂದನ್ನು ನಮ್ಮ ವಿಶ್ವವಿದ್ಯಾಲಯಗಳು ಏರ್ಪಡಿಸಲಾರವೇ?

ಪರದೇಶಕ್ಕೆ ಹೋಗುವವರು ಹೋಗಲಿ, ವಿದ್ಯೆಗೆ ಗಡಿಯಿಲ್ಲ. ಆದರೆ ಇಲ್ಲಿ ಬಾಗಿಲು ತೆರೆಯದುದಕ್ಕಾಗಿ ನಮ್ಮ ಮಕ್ಕಳು ಕಡಲು ದಾಟುವಂತಾದರೆ, ಆ ಕೊರತೆಯು ಮಕ್ಕಳದಲ್ಲ, ನಾಡಿನದು. ನಾಡು ಇದನ್ನು ಬೇಗನೆ ಅರಿಯಲಿ.